ಗೋಡೆಯಲ್ಲಿ ನೀರು

ಹಾಲಿಗೆ ಬೆರೆತ ನೀರನ್ನು ಹಿಡಿಯುವುದು ನನ್ನ ಕೆಲಸ.
ಡೇರಿಯ ಲ್ಯಾಬಿನಲ್ಲಿ ಹದಿನೇಳು ವರ್ಷ.
ಲ್ಯಾಕ್ಟೋಮೀಟರು ಮುಳುಗುವ ಮುಂಚೆಯೇ
ಕ್ಯಾನಿನ ಅಂಚಿಗಂಟಿದ ನೊರೆ ನೋಡಿ ಹೇಳಿಬಿಡುತ್ತೇನೆ
ಯಾವ ಸಂಘದ್ದು, ಎಷ್ಟು ಚೊಂಬು ಎಂದು.
ನನ್ನದೇ ಮನೆಯ ಗೋಡೆಗೆ ನೀರು ಎಲ್ಲಿಂದ ಬಂತೆಂದು
ಹೇಳಲಾಗಲಿಲ್ಲ.

ಹಾಸನದಲ್ಲಿ, ಸಾಲಗಾಮೆ ರಸ್ತೆಯಿಂದ ಎಡಕ್ಕೆ ತಿರುಗಿ
ಡಾಂಬರು ಮುಗಿದ ಮೇಲೂ ಮುಗಿಯದ ಬಡಾವಣೆ.
ನಾಲ್ಕನೇ ಅಡ್ಡರಸ್ತೆ. ಮೂವತ್ತು ನಲವತ್ತು.
ಎದುರಿನ ಖಾಲಿ ಸೈಟಿನಲ್ಲಿ ಹೊಲದ ಕಾಲದ ಆಲೂಗೆಡ್ಡೆ
ಮುಂಗಾರಿಗೆ ಈಗಲೂ ತಾನೇ ಮೊಳೆಯುತ್ತದೆ,
ಖಾತೆ ಬದಲಾದದ್ದು ಅದಕ್ಕಿನ್ನೂ ಗೊತ್ತಿಲ್ಲ.

ಮನೆ ಕಟ್ಟಿ ನೋಡು ಅಂದರು ಹಿರಿಯರು,
ಯಾರೋ ಕಟ್ಟಿದ್ದನ್ನು ಕೊಂಡು ನೋಡು ಅನ್ನಲಿಲ್ಲ.
ನಾವು ಬಣ್ಣ ನೋಡಿ ಕೊಂಡೆವು. ತಿಳಿ ಪಿಸ್ತಾ.
ಎರಡನೇ ಆಷಾಢಕ್ಕೆ ಮಲಗುವ ಕೋಣೆಯಲ್ಲಿ
ಅಂಗೈಯಗಲ ಒಂದು ಕಲೆ.
ಬಿಸಿಲು ಬಂದರೆ ಹೋಗುತ್ತೆ ಅಂದರು ನಮ್ಮೆಜಮಾನರು.
ಬಿಸಿಲು ಬಂತು. ಕಲೆಗೆ ಮೊದಲು ಎಮ್ಮೆಯ ಮುಖ ಮೂಡಿತು,
ಆಮೇಲೆ ಕೋಡು.
ಬೀರು ಎಳೆದು ಅದಕ್ಕೆ ಅಡ್ಡ ಇಟ್ಟೆವು.
ಬೀರುವಿನ ಹಿಂದೆ ನೆಮ್ಮದಿಯಾಗಿ ಬೆಳೆದು
ನನ್ನ ಧಾರೆ ಸೀರೆಗೆ ಬೂಷ್ಟು ಹಿಡಿಸಿತು.

ವಾಟರ್‌ಪ್ರೂಫಿನವನು ತಾರಸಿಗೆ ಬಿಳಿ ಬಳಿದು ಹನ್ನೊಂದು ಸಾವಿರ ಒಯ್ದ.
ಪ್ಲಂಬರ್ ಅಫ್ಸರ್ ನಲ್ಲಿಗಳನ್ನೆಲ್ಲ ಬದಲಿಸಿ
ಇದು ಪಕ್ಕದವರ ಸಂಪಿನ ನೀರು ಅಂದ.
ಪಕ್ಕದ ಕಾಂತಮಣಿ ಟೀಚರು ಮೂರು ವಾರ ಮಾತು ಬಿಟ್ಟರು,
ಕರಿಬೇವು ಕೊಡುವುದನ್ನೂ.
ವಾಸ್ತುವಿನವನು ಈಶಾನ್ಯ ಭಾರವಾಗಿದೆ ಅಂದ.
ಈಶಾನ್ಯದಲ್ಲಿ ಇದ್ದದ್ದು ನಮ್ಮತ್ತೆಯ ಮಂಚ.
ಅತ್ತೆ ಆ ರಾತ್ರಿ ಊಟ ಮಾಡಲಿಲ್ಲ.

ಕಡೆಗೆ ಬಂದರು ಮೇಸ್ತ್ರಿ ದ್ಯಾವಯ್ಯ.
ಹಲಸಿನಹಣ್ಣು ಬಡಿದು ನೋಡುವ ಹಾಗೆ
ಬೆರಳ ಗಂಟಿನಿಂದ ಗೋಡೆ ಬಡಿಯುತ್ತಾ ಹೋದರು.
ಸೊಂಟದೆತ್ತರದಲ್ಲಿ ಕೈ ನಿಂತಿತು.
ಇಲ್ಲೊಂದು ಜಾಯಿಂಟ್ ಇರಬೇಕು, ಅಂದರು.
ನಿಮಗೆ ಹೇಗೆ ಗೊತ್ತು?
ನಾನೇ ಅಲ್ವಾ ಇಟ್ಟಿದ್ದು.

ಮೊದಲ ಓನರು ಪೈಪಿಗೆ ಕಾಸು ಕೊಡದ ಶನಿವಾರವಂತೆ.
ಕಲಸಿದ ಗಾರೆ ಯಾರನ್ನೂ ಕಾಯುವುದಿಲ್ಲ.
ಒಂದೂವರೆ ಅಡಿ ಕಡಿಮೆ ಬಿದ್ದದ್ದಕ್ಕೆ
ಎರಡು ತುಂಡು ಸೇರಿಸಿ ದಾರ ಸುತ್ತಿ ಅಂಟು ಬಳಿದು
ಸೋಮವಾರ ಸರಿ ಮಾಡೋಣ ಅಂದುಕೊಂಡರಂತೆ.
ಆ ಸೋಮವಾರ
ಹನ್ನೆರಡು ವರ್ಷ ತಡವಾಗಿ
ಟಿವಿಎಸ್ ಏರಿ, ಉಳಿ ಸುತ್ತಿಗೆ ಹಿಡಿದು
ನಮ್ಮ ಮನೆಗೆ ಬಂದಿತ್ತು.

ಸಿಟ್ಟು ಬರಬೇಕಿತ್ತು. ಬಂತು ಕೂಡ.
ಆದರೆ ಇಷ್ಟು ವರ್ಷದಲ್ಲಿ ಲ್ಯಾಬಿನ ಕಿಟಕಿಗೆ ಬಂದ ಒಬ್ಬನೂ
ಹೌದು ಮೇಡಂ, ನಾನೇ ಬೆರೆಸಿದ್ದು, ಅಂದದ್ದಿಲ್ಲ.
ಹಸಿ ಮೇವು ಜಾಸ್ತಿಯಾಯ್ತು,
ಕ್ಯಾನು ತೊಳೆದ ನೀರು ಉಳಿದಿತ್ತು,
ನಿಮ್ಮ ಮಿಷನ್ನೇ ಸರಿಯಿಲ್ಲ.

ಗೋಡೆ ಒಡೆದಾಗ ದಾರ ಇತ್ತು,
ಕಪ್ಪಾಗಿ, ಸುತ್ತಿದ ಹಾಗೇ.
ಅದರ ತುದಿಯಿಂದ ಒಂದೊಂದೇ ಹನಿ.
ಬೆರಳೊಡ್ಡಿ ನಿಂತೆ ಸ್ವಲ್ಪ ಹೊತ್ತು.
ಹೇಮಾವತಿ. ತಣ್ಣಗಿತ್ತು.
ಅಳೆಯುವುದಕ್ಕೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಕೂಲಿ ಎಣಿಸುವಾಗ ತಡೆದೆ.
ಅರ್ಧ ನಿಮ್ಮದೇ ತಪ್ಪಲ್ಲವಾ ಎಂಬುದು
ನಾಲಿಗೆ ತುದಿಯವರೆಗೆ ಬಂದಿತ್ತು.
ಅಷ್ಟರಲ್ಲಿ ಅವರೇ ಇನ್ನೂರು ಎತ್ತಿ ಮೇಜಿನ ಮೇಲಿಟ್ಟು
ಇದು ಆ ದಾರದ್ದು, ಅಂದರು.
ಮಿಕ್ಕಿದ್ದನ್ನು ಎರಡು ಸಲ ಎಣಿಸಿ ಜೇಬಿಗಿಟ್ಟರು.

ಆ ಪಿಸ್ತಾ ಬಣ್ಣ ಊರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ.
ತೇಪೆ ಹಾಗೇ ಇದೆ, ಸಿಮೆಂಟಿನ ಬಣ್ಣದ್ದು.
ಅತ್ತೆಯ ಮಂಚ ಈಶಾನ್ಯಕ್ಕೆ ಮರಳಿತು.
ಕಾಂತಮಣಿ ಟೀಚರ ಮನೆಗೆ ನಾನೇ ಹೋಗಿ
ತಪ್ಪಾಯ್ತು ಅಂದೆ.
ಕರಿಬೇವು ಮುರಿದು ಕೊಡುತ್ತಾ ಅವರು
ದನಿ ತಗ್ಗಿಸಿ, ದೇವರ ಕೋಣೆಯ ಪಕ್ಕದಲ್ಲಿ ನಮಗೂ ಒಂದು,
ಎಂದು ಅಂಗೈ ಅಗಲಿಸಿ ತೋರಿಸಿದರು.
ಬಿಸಿಲು ಬಂದರೆ ಹೋಗುತ್ತೆ ಅಲ್ವಾ?

ನಾನು ಕರಿಬೇವಿನ ಎಲೆ ಎಣಿಸುತ್ತಾ ನಿಂತೆ.